ಲೂರ್ದಮ್ಮನ ಬಾಯಿಗೆ ಬಾರದ ಒಂದು ಮಾತು

ಲೊಕ್ಕನಹಳ್ಳಿಯಿಂದ ಕಾಡಿನ ಕಡೆಗೆ ಒಂದಷ್ಟು ದೂರ ಹೋದರೆ ಲೂರ್ದಮ್ಮನ ಊರು. ಕ್ರೈಸ್ತರ ಮನೆಗಳು ಕೆಲವು, ಉಳಿದವೆಲ್ಲ ಬೆಟ್ಟದ ದೇವರು ಮಾದಪ್ಪನ ಒಕ್ಕಲು. ಲೂರ್ದಮ್ಮನಿಗೆ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಹಾಡುವುದಕ್ಕೆ ಎರಡೂ. ಚರ್ಚಿನ ಭಾನುವಾರದ ಪೂಜೆಯಲ್ಲಿ ಹಾಡು ಎತ್ತಿಕೊಡುವವಳು ಅವಳೇ.

ಅವಳ ಗಂಡ ಸವರಿಮುತ್ತು ಮಾತು ಕಡಿಮೆಯ ಮನುಷ್ಯ. ಎರಡು ಹಸು ಕಟ್ಟಿದ್ದ. ದಿನಾ ಬೆಳಿಗ್ಗೆ ಕ್ಯಾನನ್ನು ಬೈಕಿಗೆ ಬಿಗಿದು ಡೈರಿಗೆ ಹಾಲು ಹಾಕಿ ಬರುತ್ತಿದ್ದ. ಒಂದು ಮಾಗಿಯ ಬೆಳಿಗ್ಗೆ, ದಟ್ಟ ಮಂಜಿನಲ್ಲಿ, ಮುಸುಕಿನ ಜೋಳದ ಹೊಲ ಮೇಯ್ದು ಕಾಡಿಗೆ ಮರಳುತ್ತಿದ್ದ ಒಂಟಿ ಆನೆ ತಿರುವಿನಲ್ಲಿ ರಸ್ತೆಗೆ ಅಡ್ಡ ಬಂತು. ಅವನಿಗೆ ಬೈಕು ತಿರುಗಿಸುವಷ್ಟೂ ಸಮಯ ಸಿಗಲಿಲ್ಲ.

ಮಣ್ಣಾದ ಮೇಲೆ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡರು. ಲೂರ್ದಮ್ಮ ಅಳುತ್ತಲೇ ಹಾಡಿದಳು. ಆಮೇಲೆ ಎಲ್ಲರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುಮಾಡಿದಾಗ ಅವಳೂ ದನಿ ಸೇರಿಸಿದಳು. ‘ನಿಮ್ಮ ಚಿತ್ತ ನೆರವೇರಲಿ’ ಎನ್ನುವ ಮಾತು ಮಾತ್ರ ಅವಳ ಬಾಯಿಗೆ ಬರಲಿಲ್ಲ. ಮುಂದಿನ ಭಾನುವಾರವೂ ಹಾಗೇ ಆಯಿತು. ಅದರ ಮುಂದಿನ ಭಾನುವಾರವೂ. ಆ ಮಾತು ಬಂದಾಗ ತುಟಿ ಮುಚ್ಚಿಕೊಂಡು, ಅದು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ಕಡೆಗೆ ಅವಳೇ ಹೋಗಿ ಊರಿನ ಪಾದ್ರಿ ಶಾಂತರಾಜು ಅವರಿಗೆ ಹೇಳಿದಳು.

“ಫಾದರ್, ಅದೊಂದ್ ಮಾತು ನನ್ ಬಾಯ್ಗ್ ಬತ್ತಾ ಇಲ್ಲ. ಆನೆ ತುಳ್ದಿದ್ದು ದೇವ್ರ ಚಿತ್ತ ಅನ್ನಾದಾದ್ರ, ಅದು ನೆರವೇರ್ಲಿ ಅಂತ ಯಾವ್ ಬಾಯಲ್ಲಿ ಕೇಳ್ಲಿ?”

ಅವರು ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದಳು. ಅವರು ಹೇಳಲಿಲ್ಲ.

“ಹಾಗಾದರೆ ಬಿಡಮ್ಮ. ಮನಸ್ಸಿಲ್ಲದ ಮಾತನ್ನ ದೇವರ ಮುಂದೆ ಆಡಬೇಡ. ನೀನು ಸುಮ್ಮನಿರೋ ಹೊತ್ತಲ್ಲಿ ನಿನ್ನ ಪಾಲಿಂದೂ ಸೇರಿಸಿ ನಾವು ಹೇಳ್ತೀವಿ. ಬರೋದು ಮಾತ್ರ ನಿಲ್ಲಿಸಬೇಡ.”

ಅವಳು ನಿಲ್ಲಿಸಲಿಲ್ಲ. ಒಲೆ ಹಚ್ಚಲು ಮನಸ್ಸಾಗದ ದಿನಗಳಲ್ಲಿ ಪಕ್ಕದ ಮನೆಯ ಪುಟ್ಟಗೌರಮ್ಮ ಮುದ್ದೆ, ಸಾರು ತಂದಿಟ್ಟು, ಹಸುವಿನ ಹಾಲೂ ಕರೆದು ಹೋಗುತ್ತಿದ್ದಳು. ಲೂರ್ದಮ್ಮನಿಗಿಂತ ಹಿರಿಯಳು, ಒರಟು ಬಾಯಿ. ಲೂರ್ದಮ್ಮನ ಮಗಳು ರಾಣಿಯನ್ನು ಸ್ಕೂಲಿಗೆ ಹೊರಡಿಸಲು ತಲೆ ಬಾಚುತ್ತಿದ್ದವಳೂ ಅವಳೇ. ಊರಲ್ಲಿ ಒಬ್ಬಿಬ್ಬರು ಕೆಣಕಿದ್ದೂ ಉಂಟು. ಡೈರಿಯ ಮುಂದೆ ಮಂಟೇಸ್ವಾಮಿ ಎನ್ನುವವನು ಕೇಳಿಯೇಬಿಟ್ಟ: “ಅಷ್ಟ್ ಪ್ರಾರ್ಥನೆ ಮಾಡ್ದಲ್ಲಮ್ಮಿ, ಯಾನ ಸಿಕ್ತು?”

“ಸಿಗ್ಲಿ ಅಂತ ಓಗಲ್ಲ ಕನಣ್ಣ. ಮನೇಲಿ ಕೂತ್ರ ಅವ್ರಿಲ್ಲ ಅನ್ನದೊಂದೇ ಕಾಣ್ತದ. ಅಲ್ಲಿಗ್ ಓದ್ರ ನಾನಿವ್ನಿ ಅನ್ನದೂ ಕಾಣ್ತದ” ಎಂದು ಕ್ಯಾನು ಎತ್ತಿಕೊಂಡು ಹೊರಟಳು.

ಹೀಗೆ ಕೆಲವು ವರ್ಷ ಕಳೆದವು. ಒಂದು ಬೇಸಿಗೆಯಲ್ಲಿ ಪುಟ್ಟಗೌರಮ್ಮನ ಒಬ್ಬನೇ ಮಗ ಮಾದೇಶ ಹುಣಸೆಹಣ್ಣು ಬಡಿಯಲು ಮರ ಹತ್ತಿದವನು ಕೊಂಬೆ ಮುರಿದು ಬಿದ್ದ. ಬೆನ್ನಿಗೆ ಪೆಟ್ಟಾಗಿತ್ತು. ಮೈಸೂರಿನ ಆಸ್ಪತ್ರೆಗೆ ಹೊತ್ತೊಯ್ದರು. ಲೂರ್ದಮ್ಮ ಹಸುಗಳನ್ನು ರಾಣಿಗೆ ಒಪ್ಪಿಸಿ ಜೊತೆಗೆ ಹೋದಳು. ಆಪರೇಷನ್ ಕೋಣೆಯ ಬಾಗಿಲು ಹಾಕಿಕೊಂಡಿತು. ಹೊರಗಿನ ಬೆಂಚಿನ ಮೇಲೆ ಪುಟ್ಟಗೌರಮ್ಮ ಸೆರಗು ಹಿಂಡುತ್ತಾ ಕೂತಿದ್ದಳು.

“ಮಾದಪ್ಪಂಗ ಹರಕೆ ಕಟ್ಟಿವ್ನಿ. ನಿನ್ ದೇವ್ರ್ಗೂ ಒಂದ್ಮಾತ ಏಳಮ್ಮಿ. ಬ್ಯಾಡ, ನೀ ಏಳ್ಕೊಡು, ನಾನೇ ಕೇಳ್ತೀನಿ.”

ಲೂರ್ದಮ್ಮ ಅವಳ ಕೈ ಹಿಡಿದುಕೊಂಡು ಒಂದೊಂದೇ ಸಾಲು ಹೇಳಿಕೊಟ್ಟಳು. ಪುಟ್ಟಗೌರಮ್ಮ ತೊದಲುತ್ತಾ ಹಿಂದೆಯೇ ಹೇಳಿದಳು. ಆ ಸಾಲು ಬಂತು. ಲೂರ್ದಮ್ಮ ಹೇಳಿಕೊಡುವುದನ್ನು ಅಲ್ಲಿಗೇ ನಿಲ್ಲಿಸಿದಳು.

“ಆಮೇಲ?” ಎಂದಳು ಪುಟ್ಟಗೌರಮ್ಮ.

ಮಗನ ಪ್ರಾಣಕ್ಕಾಗಿ ಬೇಡುತ್ತಿರುವ ತಾಯಿಗೆ ಪ್ರಾರ್ಥನೆಯನ್ನು ಕತ್ತರಿಸಿ ಕೊಡುವುದು ಹೇಗೆ? ಲೂರ್ದಮ್ಮ ಉಸಿರೆಳೆದುಕೊಂಡು ಪೂರ್ತಿ ಹೇಳಿದಳು: “ನಿಮ್ಮ ಚಿತ್ತ ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲೂ ನೆರವೇರಲಿ.”

“ಅಂಗಂದ್ರ ಯಾನಮ್ಮಿ?”

“ಅಲ್ಲಿ ಯಾರ್ ಮಕ್ಳೂ ಮರದಿಂದ ಬೀಳಲ್ಲ ಗೌರಕ್ಕ. ಆನೆ ತುಳಿಯಲ್ಲ. ಯಾರೂ ಅಳಲ್ಲ. ಅಲ್ಲಿರಂಗೆ ಇಲ್ಲೂ ಆಗ್ಲಪ್ಪ ಅಂತ ಕೇಳದು…”

ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ಕೇಳಿಸಿತು. ಗಂಡ ಸತ್ತದ್ದಕ್ಕೆ ತಾನು ಒಪ್ಪಿಗೆ ಕೊಡಬೇಕು ಎಂದೇ ಇಷ್ಟು ವರ್ಷ ಆ ಸಾಲನ್ನು ತಿಳಿದುಕೊಂಡಿದ್ದಳು. ಆದರೆ ಅದು, ಇಲ್ಲಿ ಇನ್ನೂ ಆಗದಿರುವ ಒಳಿತು ಆಗಲಿ ಎಂದು ಬೇಡುವ ಮಾತಾಗಿತ್ತು. ಸವರಿಮುತ್ತುವಿಗಾಗಿ ಅವಳು ಬೇಡಬೇಕಾಗಿದ್ದ ಮಾತೂ ಅದೇ ಆಗಿತ್ತು. ಅವಳು ಮುಖ ಮುಚ್ಚಿಕೊಂಡು ಅತ್ತಳು.

ಪುಟ್ಟಗೌರಮ್ಮ ಗಾಬರಿಯಾಗಿ ಬೆನ್ನು ಸವರಿದಳು. “ಅಳಬ್ಯಾಡ ಸುಮ್ನಿರಮ್ಮಿ, ನನ್ ಮಗ ಉಳ್ಕತಾನ ಕನ!”

ಮಾದೇಶ ಉಳಿದುಕೊಂಡ. ಕೋಲು ಹಿಡಿದು ನಡೆಯುತ್ತಾನೆ. ಊರ ಮುಂದೆ ಚಿಲ್ಲರೆ ಅಂಗಡಿ ಇಟ್ಟಿದ್ದಾನೆ. ಪುಟ್ಟಗೌರಮ್ಮ ಮಾದಪ್ಪನ ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿ ಬಂದು, ಲೂರ್ದಮ್ಮನ ಮನೆಗೆ ಲಾಡು ಕೊಟ್ಟು, ಅದೇ ಸಂಜೆ ಚರ್ಚಿನಲ್ಲಿ ಒಂದು ಮೇಣದಬತ್ತಿಯನ್ನೂ ಹಚ್ಚಿದಳು. ಅಷ್ಟರಲ್ಲಿ ಕೊಳ್ಳೇಗಾಲಕ್ಕೆ ವರ್ಗವಾಗಿದ್ದ ಫಾದರ್‌ಗೆ ಲೂರ್ದಮ್ಮ ಫೋನು ಮಾಡಿ ನಡೆದದ್ದನ್ನು ಹೇಳಿದಾಗ ಅವರು ನಕ್ಕರು. “ಒಳ್ಳೇದಾಯ್ತಮ್ಮ. ಇನ್ಮೇಲೆ ನಿನ್ನ ಪಾಲಿಂದು ನೀನೇ ಹೇಳ್ಕೊ.”

ಈಗ ಲೂರ್ದಮ್ಮನಿಗೆ ಐವತ್ತು ದಾಟಿದೆ. ಕೊಟ್ಟಿಗೆಯಲ್ಲಿ ಮೂರು ಹಸು. ರಾಣಿ ಹನೂರಿನಲ್ಲಿ ಟೀಚರು. ನೋವು ಹೋಗಿಲ್ಲ, ಮಂಜು ಬಿದ್ದ ಬೆಳಿಗ್ಗೆ ಆ ತಿರುವಿನ ಹತ್ತಿರ ಇಂದಿಗೂ ಅವಳ ಹೆಜ್ಜೆ ನಿಧಾನವಾಗುತ್ತದೆ. ಒಂದು ಗಳಿಗೆ ನಿಂತು ಮುಂದಕ್ಕೆ ಹೋಗುತ್ತಾಳೆ.

ಕಳೆದ ಕ್ರಿಸ್ಮಸ್ಸಿಗೆ ಮುಂಚೆ ಅವಳು ಊರಿನ ಮಕ್ಕಳನ್ನು ಕಟ್ಟಿಕೊಂಡು ಮನೆ ಮನೆಯಲ್ಲಿ ಹಾಡಿಕೊಂಡು ಬಂದಳು. ಪುಟ್ಟಗೌರಮ್ಮನ ಜಗಲಿಯಲ್ಲಿ ಹಾಡು ಮುಗಿದು ಎಲ್ಲರೂ ಪುರಿ, ಬೆಲ್ಲ ತಿನ್ನುತ್ತಿದ್ದಾಗ ಅಂಗಡಿ ಮುಚ್ಚಿ ಮಾದೇಶ ಬಂದ.

“ಇವ್ನು ಕೇಳೇ ಇಲ್ವಲ್ಲಮ್ಮಿ,” ಎಂದು ಪುಟ್ಟಗೌರಮ್ಮ ಪುರಿಯ ಮೊರ ಎತ್ತಿಟ್ಟುಕೊಂಡಳು. “ಮೊದ್ಲಿಂದ ಇನ್ನೊಂದ್ಸಲ ಆಡಿ. ಆಮೇಲ ತಿನ್ನೀರಂತ.”