ನಿಪ್ಪಾಣಿಯ ತೊಟ್ಟಿಯಲ್ಲಿ ಮುಳುಗಿದ ಸ್ವಾಗತ

ಕೆಲವು ವರ್ಷಗಳ ಹಿಂದೆ ನಾನು ಕನ್ನಡ ದಿನಪತ್ರಿಕೆಯೊಂದರ ನಿಪ್ಪಾಣಿ ವರದಿಗಾರನಾಗಿದ್ದೆ. ಗಡಿಭಾಗದ ವರದಿಗಾರನಿಗೆ ನಾಮಫಲಕದ ಜಗಳ ಹೊಸದಲ್ಲ. ಆದರೆ ಒಂದು ಏಪ್ರಿಲ್‌ ಬೆಳಿಗ್ಗೆ ನಾನು ಕಂಡ ಫಲಕ ನೀರಿನಲ್ಲಿ ತೇಲುತ್ತಿತ್ತು.

ಊರಿನ ಬಾಳಾಸಾಹೇಬರು ಐಸ್‌ಕ್ರೀಮ್ ಅಂಗಡಿ ತೆರೆಯುವವರಿದ್ದರು. ಮೊಬೈಲಿನಲ್ಲಿ ಸಮುದ್ರದ ಹಿಮಗುಡ್ಡ ನೋಡಿ, ಅಂಥದ್ದೇ ಒಂದು ತಮ್ಮ ಬಾಗಿಲ ಮುಂದೆ ತೇಲಬೇಕೆಂದು ಹಟ ಹಿಡಿದಿದ್ದರು. ಐಸ್ ಫ್ಯಾಕ್ಟರಿಯ ದಸ್ತಗೀರ ಚೂಪು ತುದಿಯ, ಅಗಲ ಬುಡದ ಗುಡ್ಡ ಮಾಡಿಕೊಟ್ಟ. ಕೆಂಪು ಪ್ಲಾಸ್ಟಿಕ್ ಅಕ್ಷರಗಳನ್ನು ಒಳಗಿಟ್ಟು ಹೆಪ್ಪುಗಟ್ಟಿಸಿದ್ದ. ಮೇಲೆ ಕನ್ನಡದಲ್ಲಿ ‘ಸ್ವಾಗತ’, ಕೆಳಗೆ ಮರಾಠಿಯಲ್ಲಿ ಅದೇ. ಗುಡ್ಡ ಮೆಚ್ಚುಗೆಯಾದರೆ ಆ ಬೇಸಿಗೆಯ ಐಸ್ ಆರ್ಡರ್ ಪೂರ್ತಿ ಅವನದು ಎಂದು ಮಾತಾಗಿತ್ತು.

ಉದ್ಘಾಟನೆಯ ದಿನ ಕನ್ನಡ ಸಂಘದವರನ್ನೂ ಮರಾಠಿ ಮಂಡಳದವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ, ಗುಡ್ಡವನ್ನು ಬಾಗಿಲ ಮುಂದಿನ ನೀರಿನ ತೊಟ್ಟಿಗೆ ಇಳಿಸಿದರು. ಕನ್ನಡ ಮೇಲುಳಿಯಿತು, ಮರಾಠಿ ಮುಳುಗಿತು.

"ಆಮಚಂ ಕುಠಂ ಗೇಲಂ?" ನಮ್ಮದೆಲ್ಲಿ ಹೋಯಿತು ಎಂದು ಮರಾಠಿ ಮಂಡಳದ ಅಧ್ಯಕ್ಷರು ಎದ್ದು ನಿಂತರು. ಕನ್ನಡ ಸಂಘದ ಅಧ್ಯಕ್ಷರು ಕುಳಿತಲ್ಲೇ ಮೀಸೆ ತೀಡಿದರು.

"ದಸ್ತಗೀರ, ಮ್ಯಾಲೆ ಎತ್ತಲೇ ಅದನ್ನ," ಎಂದರು ಬಾಳಾಸಾಹೇಬರು.

"ಎಷ್ಟರ ಎತ್ರಿ ಸಾಹೇಬ್ರ, ಬಿಟ್ಟಕೂಡ್ಲೆ ಮತ್ತ ಅಷ್ಟ ಮುಳಗತೈತಿ. ಅದಕ್ಕ ಕನ್ನಡನೂ ಬರಂಗಿಲ್ಲ, ಮರಾಠಿನೂ ಬರಂಗಿಲ್ಲ."

ವಿಷಯ ಸರಳ. ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ. ತೂಕ ಅಷ್ಟೇ ಇರುತ್ತದೆ, ಗಾತ್ರ ಹೆಚ್ಚುತ್ತದೆ. ಆದ್ದರಿಂದ ಮಂಜುಗಡ್ಡೆ ತೇಲುತ್ತದೆ. ಆದರೆ ಆ ಹಗುರತನ ತುಸುವೇ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರೊಳಗೇ ಉಳಿಯುತ್ತದೆ. ಇದನ್ನು ನಾನು ಎರಡೂ ಭಾಷೆಗಳಲ್ಲಿ ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ತೊಟ್ಟಿಗೆ ಇನ್ನಷ್ಟು ನೀರು ಬಿಟ್ಟರೆ ಗುಡ್ಡ ಏಳುತ್ತದೆ ಎಂದು ಮಂಡಳದವರು ಸಲಹೆ ಕೊಟ್ಟರು. ನೀರು ಬಿಟ್ಟರು. ಗುಡ್ಡ ಎದ್ದಿತು, ಜೊತೆಗೆ ನೀರೂ ಎದ್ದಿತು. ಮರಾಠಿ ಮುಳುಗಿದಷ್ಟೇ ಮುಳುಗಿತ್ತು. ತೊಟ್ಟಿ ತುಂಬಿ ಹರಿದು ಮುಂದಿನ ಸಾಲಿನವರ ಚಪ್ಪಲಿಗಳು ತೇಲಿದವು.

ಅಷ್ಟರಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಗಾಳಿಗಿಂತ ನೀರು ಮಂಜುಗಡ್ಡೆಯನ್ನು ಬೇಗ ಕರಗಿಸುತ್ತದೆ. ನೀರೊಳಗಿನ ಬುಡ ಸವೆದು, ತುದಿಯ ಭಾರ ತಡೆಯಲಾರದೆ ಗುಡ್ಡ ಎಲ್ಲರ ಕಣ್ಣೆದುರೇ ಮಗುಚಿಕೊಂಡಿತು. ಮರಾಠಿ ಮೇಲೆ ಬಂತು, ತಲೆಕೆಳಗಾಗಿ. ಕನ್ನಡ ಪೂರ್ತಿ ಮಾಯವಾಯಿತು.

ಈಗ ಸಂಘದ ಅಧ್ಯಕ್ಷರು ಎದ್ದರು. "ಇದರಾಗ ಯಾರದ್ದರ ಕೈ ಐತಿ!"

"ನಮ್ಮದನ್ನ ಉಲ್ಟಾ ಮಾಡಿ ತೋರಸಾಕತ್ತೀರೇನ್ರಿ?" ಎಂದರು ಮಂಡಳದವರು.

ದಸ್ತಗೀರ ಎರಡೂ ಕೈ ಎತ್ತಿ ತೋರಿಸಿದ. ಬಾಳಾಸಾಹೇಬರು ಬೆವರುತ್ತ ಅವನ ಕಡೆ ತಿರುಗಿದರು: "ನಾಳಿಂದ ನಿನ್ನ ಗಾಡಿ ಈ ಓಣ್ಯಾಗ ಕಾಣಬಾರ್ದು!"

ರಿಬ್ಬನ್ ಕತ್ತರಿಸಬೇಕಿದ್ದವರು ಬಾಳಾಸಾಹೇಬರ ತಾಯಿ, ಊರಿಗೆಲ್ಲ ‘ಆಯಿ’. ಕೈಯಲ್ಲಿ ಕತ್ತರಿ ಹಿಡಿದು, ಚಪ್ಪಲಿ ಬಿಟ್ಟು, ಬಿಸಿಲಲ್ಲಿ ನಿಂತೇ ಇದ್ದರು. ಓದು ಬರುತ್ತಿರಲಿಲ್ಲ.

"ಏ ಅಧ್ಯಕ್ಷ, ನಿಂದರಾಗ ಏನ್ ಬರದೈತಿ?" ಎಂದು ಸಂಘದ ಅಧ್ಯಕ್ಷರನ್ನು ಕೇಳಿದರು.

"ಸ್ವಾಗತ ಅಂತ ಐತ್ರಿ ಆಯಿ."

"ನಿಂದರಾಗೋ?"

ಮಂಡಳದ ಅಧ್ಯಕ್ಷರು ಹೇಳಿದರು. "ಸ್ವಾಗತ."

"ಅದನ್ನ ಬಾಯಿಲೆ ಅಂದು ಒಳಗ ಕರೀರ್ಯೋ. ನನ್ನ ಕಾಲು ಸುಡಾಕತ್ತಾವ."

ಇಬ್ಬರೂ ಒಟ್ಟಿಗೆ "ಬರ್ರಿ ಆಯಿ" ಎಂದರು. ರಿಬ್ಬನ್ ಕತ್ತರಿಸಿ ಒಳಗೆ ಹೆಜ್ಜೆ ಇಟ್ಟ ಮುದುಕಿ, ಹೊಸ್ತಿಲಲ್ಲೇ ನಿಂತು ತಿರುಗಿದರು.

"ದಸ್ತಗೀರ, ನಾಳೆ ಬರ್ಫ ಜಲ್ದಿ ತಾರಪಾ. ಅಕ್ಷರ ಬ್ಯಾಡ."

ಬಾಳಾಸಾಹೇಬರು ತಾಯಿಯ ಮಾತಿಗೆ ಎದುರಾಡಲಿಲ್ಲ. ಆ ಬೇಸಿಗೆಯುದ್ದಕ್ಕೂ ದಸ್ತಗೀರನ ಗಾಡಿ ಅದೇ ಓಣಿಗೆ ಬಂತು.

ನಾನು ಎರಡೂ ಕಡೆಯವರ ಹೇಳಿಕೆ ಬರೆದುಕೊಂಡಿದ್ದೆ, ಗುಡ್ಡದ ಉದ್ದಗಲ ಕೇಳಿಕೊಂಡಿದ್ದೆ. ಆಯಿ ಕೇಳಿದ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಅಂದಿನಿಂದ ಯಾವ ಫಲಕದ ಜಗಳಕ್ಕೆ ಹೋದರೂ, ಯಾರು ಏನೆಂದರು ಎಂದು ವಿಚಾರಿಸುವ ಮೊದಲು ಫಲಕದಲ್ಲಿ ಏನಿದೆ ಎಂದು ಓದಿಸಿ ಕೇಳುತ್ತೇನೆ. ಅರ್ಧ ಜನ ಅಲ್ಲಿಗೇ ಮನೆಗೆ ಹೋಗುತ್ತಾರೆ.