ಧರ್ಮಪ್ಪನವರ ಸಾಲಿನಲ್ಲಿ ಉಳಿದ ಒಂದು
ಕೊಪ್ಪದ ಎಸ್ಟೇಟ್ ಆಫೀಸಿನಲ್ಲಿ ದೇವರ ಪಟಕ್ಕೂ ಇಲ್ಲದ ಮಡಿ ಧರ್ಮಪ್ಪನವರ ಸರ್ವರ್ ಕೋಣೆಗಿದೆ. ತೋಟಗಳಿಂದ ಬರುವ ಸಂದೇಶಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಮ್ಯಾನೇಜರಿಗೆ ದಾಟಿಸುವ ಸಾಫ್ಟ್‌ವೇರನ್ನು ನೋಡಿಕೊಳ್ಳುವುದಷ್ಟೇ ಅವರ ಕೆಲಸ. ಗತ್ತು ಮಾತ್ರ ಡ್ಯಾಮಿನ ಬಾಗಿಲು ಕಾಯುವವರದ್ದು. ಚಪ್ಪಲಿ ಹಾಕಿಕೊಂಡು ಒಳಗೆ ಬರುವಂತಿಲ್ಲ, ಕೆಮ್ಮುವಂತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಸಾಲು ಎಣಿಸುತ್ತಾರೆ. ಅದೂ ಸಾಲದೆ, ತಾನಾಗಿಯೇ ದಾಟಿದ ಸಂದೇಶವನ್ನು ಚೀಟಿಯಲ್ಲಿ ಬರೆದುಕೊಂಡು ಮ್ಯಾನೇಜರ ಮೇಜಿಗೆ ಓಡುತ್ತಾರೆ: ‘ಬಂತಾ ಸರ್? ಓದಿದ್ರಾ?’ ಹಾಗಾದರೆ ಆ ಯಂತ್ರ ಎಂತಕ್ಕೆ ಎಂದು ಪಕ್ಕದ ಮೇಜಿನ ಭಾಗ್ಯ ಹಲ್ಲು ಕಡಿಯುತ್ತಾಳೆ. ಇಷ್ಟೆಲ್ಲ ಕುಣಿದರೂ ಅವರ ಸಾಲು ಒಂದು ದಿನವೂ ಖಾಲಿಯಾಗಿಲ್ಲ. ಸಂಜೆಯ ವರದಿಯಲ್ಲಿ ದಾಟದೆ ಉಳಿದದ್ದು ಯಾವಾಗಲೂ ‘ಒಂದು’. ಕೇಳಿದರೆ, ‘ಅದೊಂದು ಇರ್ಲಿ ಮಾರಾಯ್ತಿ’ ಎನ್ನುತ್ತಾರೆ, ಏನೋ ಘನಂದಾರಿ ಗುಟ್ಟಿನಂತೆ. ನಿನ್ನೆ ಅವರು ಊಟಕ್ಕೆ ಹೋದಾಗ ಭಾಗ್ಯ ಚಪ್ಪಲಿ ಸಮೇತ ಒಳಗೆ ನುಗ್ಗಿ, ಅಳಿಸಿಯೇ ಬಿಡೋಣವೆಂದು ಅದನ್ನು ತೆರೆದಳು. ನಾಲ್ಕು ವರ್ಷದ ಹಿಂದೆ ಮ್ಯಾನೇಜರಿಗೆ ದಾಟದೆ ಸಾಲಿನಲ್ಲೇ ಸಿಕ್ಕಿಕೊಂಡದ್ದು: ‘ಬಸರೀಕಟ್ಟೆ ತೋಟ. ಗಿರಿಯಮ್ಮಂಗೆ ಹಾವು ಕಚ್ಚಿದೆ. ಫೋನ್ ಸಿಗ್ತಿಲ್ಲ. ಬೇಗ ಜೀಪ್ ಕಳಿಸಿ.’ ಧರ್ಮಪ್ಪ ಬಾಗಿಲಿಗೆ ಬಂದಾಗ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಿಂತಿದ್ದಳು. ‘ಎಷ್ಟಿದೆ?’ ಎಂದರು. ‘ಒಂದು, ಸರ್’ ಎಂದಳು.