ಎಡಗಡೆಯ ಕಿಟಕಿ

ಬಸ್ಸು ಸಿಗಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು, ಲಲಿತಾ. ಬಸ್ಸು ಇತ್ತು. ನೀನು ಗೊತ್ತು ಮಾಡಿದ್ದ ದಿನಕ್ಕೇ ಇತ್ತು. ಚಾಮರಾಜಪೇಟೆಯ ಟ್ರಾವೆಲ್ಸ್‌ನವರ ಹತ್ತಿರ ನಾನೇ ನಡೆದುಕೊಂಡು ಹೋಗಿ ಪ್ರವಾಸವನ್ನು ಒಂದು ವಾರ ಮುಂದಕ್ಕೆ ಹಾಕಿಸಿ ಬಂದೆ. ನಿಮ್ಮತ್ತೆ ಹೇಳಿ ಹಾಕಿಸಿದ್ದಲ್ಲ. ಇಷ್ಟು ವರ್ಷ ಅವರ ತಲೆಗೆ ಕಟ್ಟಿದ ತಪ್ಪು ನನ್ನದು. ನೀನು ಹಾಗೆ ಕಟ್ಟಿದಾಗಲೆಲ್ಲ ನಾನು ಎದುರಿಗೇ ಕೂತಿದ್ದೆ, ಕಾಫಿ ಕುಡಿಯುತ್ತಾ.

ಎಲ್ಲಿಂದ ಹೇಳಲಿ — ನಿನಗೆ ಗೊತ್ತಿರುವುದನ್ನೇ ಹೇಳಬೇಕಾಗುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ಶಂಕರಪುರದಲ್ಲಿ ಇದು ನಿನ್ನೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ನಮ್ಮ ಭಜನಾ ಮಂಡಳಿಯ ಹೆಂಗಸರನ್ನು ಬೇಸಿಗೆ ರಜೆಯಲ್ಲಿ ಕರಾವಳಿಗೆ ಕರೆದುಕೊಂಡು ಹೋಗುವ ಯೋಚನೆ ನಿನ್ನದು. ನಿಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಕುಂದಾಪುರದ ಹೆಂಗಸಿನ ಹತ್ತಿರ ಕೂತು ನೀನು ಆ ಊರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಉಡುಪಿಯಲ್ಲಿ ಊಟದ ಪಂಕ್ತಿಗೆ ಎಷ್ಟು ಹೊತ್ತಿಗೆ ಹೋಗಿ ನಿಲ್ಲಬೇಕು, ಮಲ್ಪೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಯಾವ ಕಡೆ ಕೂರಬೇಕು, ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ನದಿ. "ಹೋಗ್ತಾ ಎಡಗಡೆ ಕಿಟಕಿ ಹಿಡ್ಕೊಳ್ಳಿ ವತ್ಸಲಕ್ಕ, ಸಮುದ್ರ ಆ ಕಡೇನೇ ಇರೋದು," ಎಂದಿದ್ದೆ. ಹುಟ್ಟಿದಾಗಿನಿಂದ ಸಮುದ್ರ ನೋಡದ ನೀನು.

ಮೊದಲ ವರ್ಷ ನಿನ್ನ ಮಗನಿಗೆ ಜ್ವರ ಬಂದು ನೀನು ಬರಲಿಲ್ಲ. ನೀನು ಹೇಳಿಕೊಟ್ಟಿದ್ದನ್ನೆಲ್ಲ ಬಸ್ಸಿನಲ್ಲಿ ಎದ್ದು ನಿಂತು ನಾನು ಹೇಳಿದೆ. ಎಡಗಡೆ ನೋಡಿ, ಬಲಗಡೆ ನೋಡಿ, ಈಗ ಇಳಿದರೆ ಪಂಕ್ತಿ ಸಿಗುತ್ತದೆ — ಎಲ್ಲ ನೀನು ಹೇಳಿದ ಹಾಗೇ ಆಯಿತು. ವಾಪಸು ಬರುವಷ್ಟರಲ್ಲಿ ನಾನು 'ಯಾತ್ರೆ ವತ್ಸಲಮ್ಮ' ಆಗಿದ್ದೆ. ಗಾಂಧಿಬಜಾರಿನಲ್ಲಿ ಹೂವು ಕೊಳ್ಳಲು ನಿಂತರೆ ಗುರುತಿಲ್ಲದವರೂ ಬಂದು ಮುಂದಿನ ಯಾತ್ರೆ ಯಾವಾಗ ಎಂದು ಕೇಳುತ್ತಿದ್ದರು. ನಲವತ್ತು ದಾಟಿದ ಮೇಲೆ ಮೊದಲ ಸಲ ನನ್ನನ್ನು ಯಾರೋ ನನ್ನ ಹೆಸರಿನಿಂದ ಗುರುತಿಸಿದ್ದರು, ನಮ್ಮ ಯಜಮಾನರ ಹೆಸರಿನಿಂದಲ್ಲ. ನನಗೆ ಕೋಡು ಮೂಡಿತು ಎಂದರೆ ಮೂಡಿತು.

ಆಮೇಲೆ ಆ ಶುಕ್ರವಾರ. ಭಜನೆ ಮುಗಿದು ಕೋಸಂಬರಿ ಹಂಚುತ್ತಿದ್ದೆವು. ಮರವಂತೆಯಲ್ಲಿ ರಸ್ತೆಯ ಬಲಕ್ಕಿರುವುದು ಸಮುದ್ರದ್ದೇ ಹಿನ್ನೀರು ಎಂದು ನಾನು ಯಾರಿಗೋ ದೊಡ್ಡದಾಗಿ ಹೇಳುತ್ತಿದ್ದೆ. ನೀನು ಕೋಸಂಬರಿ ಬಡಿಸುತ್ತಲೇ, "ಅಲ್ಲ ವತ್ಸಲಕ್ಕ, ಅದು ಸೌಪರ್ಣಿಕಾ ನದಿ. ಕೊಲ್ಲೂರಿಂದ ಹರ್ಕೊಂಡ್ ಬರೋದು," ಎಂದೆ. ಅಷ್ಟೇ. ಯಾರೋ, "ಹೋಗ್ಬಂದೋರಿಗಿಂತ ಹೋಗ್ದೇ ಇದ್ದೋರಿಗೇ ಜಾಸ್ತಿ ಗೊತ್ತಲ್ರೀ!" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಿನಗೆ ನನ್ನನ್ನು ಸಣ್ಣ ಮಾಡುವ ಉದ್ದೇಶವೇ ಇರಲಿಲ್ಲ, ಅದು ನನಗೆ ಅವತ್ತೇ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಅದು ಗೊತ್ತಾಗಬೇಕಲ್ಲ.

ಮರುವರ್ಷ ನೀನು ಬಂದೇ ಬರುತ್ತೇನೆಂದು ಹಟ ಹಿಡಿದೆ. ಅಡ್ಡಿ ಇದ್ದದ್ದು ಒಂದೇ — ನಿಮ್ಮತ್ತೆ ಸುಬ್ಬಲಕ್ಷ್ಮಮ್ಮನವರ ಮಡಿ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ, ಇಂಥ ಪರ್ವದ ದಿನ ಬಿಟ್ಟು ಸಮುದ್ರವನ್ನು ಮುಟ್ಟಬಾರದು. ದಡದವರೆಗೆ ಹೋಗಿ ಸ್ನಾನ ಮಾಡದೆ ಹಿಂದಿರುಗಲೂಬಾರದು. ಅಂದಮೇಲೆ ಪರ್ವವಿಲ್ಲದ ದಿನ ಆ ಕಡೆ ತಲೆ ಹಾಕುವ ಮಾತೇ ಇಲ್ಲ. ನಿಮ್ಮ ಯಜಮಾನರು ಅಮ್ಮನ ಮಾತು ದಾಟುವವರಲ್ಲ. ನೀನು ಪಂಚಾಂಗ ತಂದು ನನ್ನ ಮುಂದೆ ಹರಡಿದೆ. "ಅಮಾವಾಸ್ಯೆ ದಿನ ಮಲ್ಪೆಲಿರೋ ಹಾಗೆ ಎರಡು ದಿನ ಮುಂಚೆ ಹೊರಟುಬಿಡೋಣ ಅಕ್ಕ. ಆಗ ಅತ್ತೆ ಏನೂ ಅನ್ನೋ ಹಾಗೇ ಇಲ್ಲ!" ಎಂದು ಚಪ್ಪಾಳೆ ತಟ್ಟಿದೆ. ನಾನು ಅದೇ ದಿನಕ್ಕೆ ಬಸ್ಸು ಹೇಳಿ ಬಂದೆ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲ.

ನಿಮ್ಮತ್ತೆ ಒಂದು ಸಂಜೆ ನಮ್ಮ ಮನೆಗೆ ಬಂದರು. ಅವರು ಬಂದು ಹೋದದ್ದನ್ನು ನೀನು ನಿಮ್ಮ ಬಾಗಿಲಲ್ಲಿ ನಿಂತು ನೋಡಿದ್ದೆ. ಯಾಕೆ ಬಂದರು ಎಂಬುದು ಮಾತ್ರ... ಕೈಯಲ್ಲಿ ಹೂಬತ್ತಿಯ ಪೊಟ್ಟಣ ಇತ್ತು, ಮಂಡಳಿಯ ದೀಪಕ್ಕೆ ಎಂದು ಕೊಟ್ಟರು. ನೀರೂ ಮುಟ್ಟಲಿಲ್ಲ. ಕೂತುಕೊಂಡು ಹೇಳಿದರು: "ಲಲಿತನ್ನ ಜೋಪಾನವಾಗಿ ಕರ್ಕೊಂಡು ಹೋಗಿ ಬಾಮ್ಮ. ಅವತ್ತು ಅಮಾವಾಸ್ಯೆ, ನಾನೂ ನೋಡಿದೀನಿ. ನಾನಂತೂ ಈ ಒಲೆ ಮುಂದೆ ಕೂತೇ ಮುಗಿಸ್ದೆ. ಅವಳಾದ್ರೂ ನೋಡ್ಲಿ." ಎದ್ದು ಬಾಗಿಲವರೆಗೆ ಹೋದವರು ತಿರುಗಿ, "ನನ್ನ ಹೆಸರಲ್ಲೂ ಒಂದು ಮುಳುಗು ಹಾಕು ಅಂತ ಅಲ್ಲಿ ಹೋದ್ಮೇಲೆ ಹೇಳು ಅವಳಿಗೆ. ಇಲ್ಲಿ ಹೇಳ್ಬೇಡ. ನಾನು ಬಂದು ಕೇಳ್ಕೊಂಡೆ ಅಂದ್ರೆ ತಲೆ ಮೇಲೆ ಕೂತ್ಕೋತಾಳೆ," ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿಯವರೆಗೆ ನನಗೊಂದು ಆಸೆ ಇತ್ತು, ಲಲಿತಾ. ಕೊನೆ ಗಳಿಗೆಯಲ್ಲಿ ಅವರೇ ನಿನ್ನನ್ನು ತಡೆಯುತ್ತಾರೆ, ನಾನೇನೂ ಮಾಡಬೇಕಾಗಿಲ್ಲ ಎಂದು. ಅದು ಹೋಯಿತು. ನೀನು ಬಂದರೆ ಬಸ್ಸಿನಲ್ಲಿ ಎದ್ದು ನಿಲ್ಲುವವಳು ನೀನೇ, ನಾನು ಯಾರೂ ಅಲ್ಲ. ಮಾರನೆಯ ಬೆಳಿಗ್ಗೆ ಟ್ರಾವೆಲ್ಸ್‌ಗೆ ಹೋದೆ. ಅಮಾವಾಸ್ಯೆ ಕಳೆದು ಒಂದು ವಾರ — ಯಾವ ಪರ್ವವೂ ಅಲ್ಲದ ದಿನ ನೋಡಿಯೇ ಹಾಕಿಸಿದೆ. ಮೊದಲಿನ ದಿನಕ್ಕೆ ಬಸ್ಸು ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಆ ಪಂಚಾಂಗ ನೋಡುವುದನ್ನು ನನಗೆ ಕಲಿಸಿದವಳೂ ನೀನೇ.

ನಿಮ್ಮ ಮನೆಯಲ್ಲಿ ಆದದ್ದು ನಿನಗೆ ಗೊತ್ತು. ಹೊಸ ದಿನ ಕೇಳಿ ನಿಮ್ಮತ್ತೆ, ಪರ್ವ ಇಲ್ಲ, ಬೇಡ ಎಂದರು. ಅವರ ನಂಬಿಕೆ ಅದು, ಮುರಿಯಲು ಬರುತ್ತಿರಲಿಲ್ಲ. ನೀನು ನನ್ನ ಅಡುಗೆಮನೆಗೆ ಬಂದು ನಿಂತೆ. ದಾರಿಗೆಂದು ಮಾಡಿದ ಚಕ್ಕುಲಿಯ ಡಬ್ಬಿ ಕೈಯಲ್ಲಿತ್ತು. "ಅತ್ತೆ ಬಂದಿದ್ರಲ್ಲ ಅವತ್ತು... ಅವರೇ ಹೇಳಿ ದಿನ ಬದಲಾಯ್ಸಿದ್ದು, ಅಲ್ವಾ ಅಕ್ಕ?"

ನಾನು ಹೌದು ಎನ್ನಲಿಲ್ಲ. "ಹೋಗ್ಲಿ ಬಿಡು, ದೊಡ್ಡೋರು," ಎಂದೆ.

ಹೌದು ಎಂದಿದ್ದರೆ ಅದೊಂದು ಸುಳ್ಳಾಗುತ್ತಿತ್ತು, ಅಷ್ಟೇ. ನಾನು ಹೇಳಿದ ಮಾತಿನಲ್ಲಿ ಸುಳ್ಳೂ ಇತ್ತು, ನನ್ನ ದೊಡ್ಡತನವೂ ಇತ್ತು. ನೀನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಎಲ್ಲರಿಗೂ ಕೊಡಿ ಎಂದು ಹೇಳಿ ಹೋದೆ. ಕೊಟ್ಟೆ. ಎಡಗಡೆಯ ಕಿಟಕಿಯ ಪಕ್ಕ ನಾನೇ ಕೂತೆ. ಮಲ್ಪೆಯಲ್ಲಿ ಉಳಿದವರೆಲ್ಲ ಸೀರೆ ಎತ್ತಿಕೊಂಡು ನೀರಿಗಿಳಿದರು, ನಾನು ಮರಳಿನ ಮೇಲೇ ನಿಂತಿದ್ದೆ. ಪರ್ವ ಅಲ್ಲವಲ್ಲ, ಅದಕ್ಕೆ, ಎಂದು ಕೇಳಿದವರಿಗೆ ಹೇಳಿದೆ.

ಅಲ್ಲಿಂದಾಚೆ ನಿಮ್ಮತ್ತೆಗೆ ನೀನು ಹೊತ್ತು ಹೊತ್ತಿಗೆ ಊಟ ಬಡಿಸಿದೆ, ಮಾತು ಬಡಿಸಲಿಲ್ಲ. ಅವರೂ ಯಾಕೆ ಎಂದು ಕೇಳುವ ಜಾತಿಯವರಲ್ಲ. ಅವರು ಹಾಸಿಗೆ ಹಿಡಿದಾಗ ನೋಡಲು ಬಂದಿದ್ದೆ. ನೀನು ಒಳಗೆ ಗಂಜಿ ಕಾಯಿಸುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು, "ನಾನು ಅವತ್ತು ಬಂದಿದ್ದು ಯಾಕೆ ಅಂತ ಈಗ ಹೇಳ್ಬಿಡಮ್ಮ ಅವಳಿಗೆ. ನಾನು ಹೇಳಿದ್ರೆ ನಂಬಲ್ಲ," ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ. ನೀನು ಗಂಜಿ ತಂದೆ. ನಾನು ಹೊತ್ತಾಯಿತು ಎಂದು ಎದ್ದು ಬಂದೆ. ಮುಂದಿನ ವಾರ ಅವರು ಹೋದರು. ಆಗಲೂ ಹೇಳಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಬಂದು ಹೋಳಿಗೆ ತಿಂದು ಹೋದೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ — ಮೊನ್ನೆ ಮಲ್ಲೇಶ್ವರದ ನಿಮ್ಮ ಹೊಸ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗ ಕಾರು ತೆಗೆದುಕೊಂಡಿದ್ದಾನೆ, ಉಡುಪಿ, ಮಲ್ಪೆಗೆ ಕರೆದುಕೊಂಡು ಹೋಗುತ್ತೇನೆ ಎಂದನಂತೆ. ನೀನು ಹೂ ಕಟ್ಟುತ್ತಾ, ತಲೆ ಎತ್ತದೆ ಹೇಳಿದೆ: "ಬೇಡ ಅಂದೆ. ಅತ್ತೆ ಬೇಡ ಅಂದಿದ್ದನ್ನ ಅವರು ಹೋದ್ಮೇಲೆ ಕದ್ದು ನೋಡೋದೇನಿದೆ ಅಕ್ಕ?" ಸತ್ತವರ ಮೇಲಿನ ಸಿಟ್ಟು ಅಷ್ಟು ಗಟ್ಟಿಯಾಗಿ ನಿನ್ನಲ್ಲಿ ಕೂತಿದೆ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಕೂರಿಸಿದವಳು ನಾನು. ನಾನು ಕಸಿದದ್ದು ಒಂದು ಪ್ರವಾಸ ಎಂದುಕೊಂಡಿದ್ದೆ. ನಿನ್ನಿಂದ ಸಮುದ್ರವನ್ನೇ ಕಸಿದಿದ್ದೆ, ನಿನಗೆ ಅಷ್ಟು ಒಳ್ಳೆಯದನ್ನು ಬಯಸಿದ ಒಬ್ಬ ಅತ್ತೆಯನ್ನೂ.

ಕ್ಷಮಿಸು ಎಂದು ಕೇಳುವುದಿಲ್ಲ. ಈ ಶುಕ್ರವಾರ ಭಜನೆ ಮುಗಿದ ಮೇಲೆ ಮಂಡಳಿಯವರೆಲ್ಲರ ಮುಂದೆ ಇದನ್ನೇ ಹೇಳುತ್ತೇನೆ — ಯಾತ್ರೆ ಯಾರದು, ದಿನ ಬದಲಾಯಿಸಿದವರು ಯಾರು ಎಂದು. ನೀನು ಮೊದಲು ಕೇಳಬೇಕಾಗಿತ್ತು, ಅದಕ್ಕೆ ನಿನಗೆ ಮೊದಲು.

ಬರುವ ಅಮಾವಾಸ್ಯೆಗೆ ಹೋಗಿ ಬಾ, ಲಲಿತಾ. ನಿನ್ನದೊಂದು ಮುಳುಗು ಹಾಕು. ಆಮೇಲೆ ಸುಬ್ಬಲಕ್ಷ್ಮಮ್ಮ ಎಂದು ಬಾಯ್ತುಂಬ ಹೆಸರು ಹೇಳಿ ಇನ್ನೊಂದು ಹಾಕು, ಅವರು ಕೇಳಿದ್ದು ಅಷ್ಟೇ. ಮರವಂತೆಗೆ ಹೋಗುವಾಗ ಕಾರಿನಲ್ಲಿ ಎಡಗಡೆ ಕೂತುಕೋ.